ಕುಂಬು, ಲಡ್ಡು ಮತ್ತು ಡಿಲಾಪಿಡೇಟೆಡ್

ಇಂಗ್ಲಿಷಿನಲ್ಲಿ ನನಗೆ ಹೆಚ್ಚು ಶಬ್ದಗಳು ಗೊತ್ತಿರಲಿಲ್ಲ. ಗೊತ್ತಿದ್ದವುಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಡಿಲಾಪಿಡೇಟೆಡ್. ಟ್ರೈನಿಂಗಿಗೆ ಹೋಗಿದ್ದಾಗ ನಮ್ಮ ಮಾಸ್ಟ್ರೊಬ್ಬರು ಹಾಸ್ಟೆಲಿನ ಬಚ್ಚಲುಕೊಟ್ಟಿಗೆಯನ್ನು ನೋಡಿ ಆ ಶಬ್ದ ಆಡಿದ್ದರು. ಕೇಳಿದ ಕೂಡಲೇ ಬರೆದಿಟ್ಟುಕೊಂಡೆ. ಹಾಳುಬಿದ್ದದ್ದು, ಇವತ್ತೋ ನಾಳೆಯೋ ಬೀಳುವಂಥದ್ದು ಎಂದು ಅರ್ಥ. ಆದರೆ ಹಾಳುಬಿದ್ದದ್ದು ಎಂದರೆ ಯಾರಾದರೂ ಹೇಳಿಯಾರು. ಡಿಲಾಪಿಡೇಟೆಡ್ ಎನ್ನಬೇಕಾದರೆ ಓದಿರಬೇಕು. ಎಲ್ಲಾದರೂ ಉಪಯೋಗಕ್ಕೆ ಬಂದೀತು ಎಂದು ನಾಲ್ಕೈದು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡೆ. ಉಪಯೋಗಕ್ಕೆ ಬಂತು. ಒಂದು ಶಾಲೆಯನ್ನೇ ಮುಚ್ಚಿಸುವಷ್ಟು ಉಪಯೋಗಕ್ಕೆ ಬಂತು.

ಆಗ ನಾನು ವೇಣೂರಿನಿಂದ ಮೂರು ಮೈಲಿ ಒಳಗೆ, ಫಲ್ಗುಣಿ ಹೊಳೆಯ ಈಚೆ ದಡದ ಶಾಲೆಯಲ್ಲಿ ಮಾಸ್ಟ್ರು. ನನ್ನ ಊರು ಬಂಟ್ವಾಳ. ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದೆ. ಐದನೇ ತರಗತಿಯವರೆಗೆ ಎರಡೇ ಕೋಣೆ, ನಾನೊಬ್ಬನೇ ಮಾಸ್ಟ್ರು. ಹೆಡ್‌ಮಾಸ್ಟ್ರೂ ನಾನೇ ಆದ ಕಾರಣ ನನ್ನ ಮೇಲೆ ನಾನೇ ಅಧಿಕಾರ ಚಲಾಯಿಸಬೇಕಿತ್ತು. ಕಟ್ಟಡ ಊರಿನ ಜೈನ ಧನಿಗಳದ್ದು. ಅವರ ಅಜ್ಜ ಕೆಂಪು ಮುರಕಲ್ಲಿನಲ್ಲಿ ಕಟ್ಟಿಸಿ ಶಾಲೆಗೆಂದು ಬಿಟ್ಟುಕೊಟ್ಟದ್ದು. ರಿಪೇರಿ ಮಾಡಿಸಬೇಕಾದವರು ಧನಿಗಳೋ ಸರಕಾರವೋ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರೂ ಮಾಡಿಸಿರಲಿಲ್ಲ.

ನಮ್ಮ ಜಿಲ್ಲೆ ಮದರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷ ಆಗಿದ್ದಿರಬೇಕು. ಕಚೇರಿಗಳಲ್ಲಿ ಅಧಿಕಾರಿಗಳು ಹೊಸಬರು, ಫಾರಮುಗಳು ಮಾತ್ರ ಹಳೆಯವೇ, ಇಂಗ್ಲಿಷಿನವು. ಮಳೆಗಾಲ ಮುಗಿದ ಮೇಲೆ ಒಂದು ಫಾರಮು ಬಂತು. ಅದರಲ್ಲಿ ಕಟ್ಟಡದ ಸ್ಥಿತಿ ಎಂಬಲ್ಲಿ ಚುಕ್ಕಿಗಳ ಸಾಲು ಇಟ್ಟು ಎರಡಂಗುಲ ಜಾಗ ಬಿಟ್ಟಿದ್ದರು. ಆ ವರ್ಷ ಮೂರನೇ ತರಗತಿಯ ಮೇಲೆ ನಾಲ್ಕು ಕಡೆ ಸೋರಿತ್ತು. ನನಗೆ ಬೇಕಾದದ್ದು ಐವತ್ತು ಹಂಚು, ಒಂದೆರಡು ಪಕ್ಕಾಸು, ಅಂದರೆ ಹಂಚಿನ ಕೆಳಗಿನ ಇಳಿಜಾರು ಮರ. ಸಣ್ಣ ಶಬ್ದ ಬರೆದರೆ ಸಣ್ಣ ರಿಪೇರಿಯೂ ಸಿಗುವುದಿಲ್ಲ, ದೊಡ್ಡ ಶಬ್ದ ಬರೆದರೆ ಹೆದರಿ ಹಂಚಾದರೂ ಕಳಿಸಿಯಾರು ಎಂಬುದು ನನ್ನ ಲೆಕ್ಕ. ಮೇಲೆ ಹತ್ತಿ ನೋಡಲಿಲ್ಲ. ಕುರ್ಚಿಯಲ್ಲಿ ಕೂತು, ನಿಬ್ಬು ಒರೆಸಿ, ದುಂಡು ಅಕ್ಷರದಲ್ಲಿ ಬರೆದೆ. ಎರಡಂಗುಲಕ್ಕೆ ಸರಿಯಾಗಿ ಹಿಡಿಯಿತು. ಆ ದಿನ ಮಧ್ಯಾಹ್ನದ ಊಟ ಬಹಳ ರುಚಿಯಾಗಿತ್ತು ಎಂಬುದು ನೆನಪುಂಟು.

ಮಾರ್ಚಿನಲ್ಲಿ ಉತ್ತರ ಬಂತು. ಸದರಿ ಕಟ್ಟಡ ಡಿಲಾಪಿಡೇಟೆಡ್ ಎಂದು ತಾವೇ ತಿಳಿಸಿರುವುದರಿಂದ ಮಕ್ಕಳನ್ನು ಅದರಲ್ಲಿ ಕೂರಿಸುವುದು ತರವಲ್ಲ. ಜೂನಿನಿಂದ ಈ ಶಾಲೆಯನ್ನು ಹೊಳೆಯಾಚೆಯ ಶಾಲೆಗೆ ಸೇರಿಸಲಾಗುವುದು. ಅದಕ್ಕೆ ಮೊದಲು ಓವರ್ಸಿಯರರು ಬಂದು ಕಟ್ಟಡ ನೋಡತಕ್ಕದ್ದು. ಕಾಗದವನ್ನು ಮೂರು ಸಲ ಓದಿದೆ. ಕೊನೆಯ ಸಲ ಓದುವಾಗ ನನ್ನ ಶಬ್ದದ ಅಕ್ಷರಗಳು ಸರಿ ಉಂಟಾ ಎಂದು ನೋಡಿದೆ. ಸರಿ ಇತ್ತು.

ಹೊಳೆಯಾಚೆ ಎಂದರೆ ನಕ್ಷೆಯಲ್ಲಿ ಅರ್ಧ ಮೈಲಿ. ದಾಟಲು ಇದ್ದದ್ದು ಎರಡು ಅಡಕೆಮರ ಜೋಡಿಸಿದ ಸಂಕ. ಜೂನಿನ ಎರಡನೇ ವಾರಕ್ಕೆ ಹೊಳೆ ಅದನ್ನು ಕೊಂಡುಹೋಗುತ್ತಿತ್ತು. ಆಮೇಲೆ ಅಕ್ಟೋಬರಿನವರೆಗೆ ದೋಣಿಯೇ ಗತಿ, ಅದೂ ದೋಣಿಯವನಿಗೆ ಮನಸ್ಸು ಬಂದರೆ. ಗಂಡುಮಕ್ಕಳನ್ನಾದರೂ ಹೇಗೋ ಕಳಿಸಿಯಾರು. ಹೆಣ್ಣುಮಕ್ಕಳ ಹೆಸರು ಒಂದೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹದಿನೇಳು ಹುಡುಗಿಯರಿದ್ದರು.

ಚಿಂತೆ ಮಾಡುವುದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಅಭ್ಯಾಸ. ಬಸ್ಸಿನಲ್ಲಿ ಕೂತರೆ ಬ್ರೇಕಿನ ಚಿಂತೆ, ಬಸ್ಸು ತಪ್ಪಿದರೆ ಮುಂದಿನ ಬಸ್ಸಿನ ಬ್ರೇಕಿನ ಚಿಂತೆ. ಆದರೆ ಅದುವರೆಗೆ ನಾನು ಚಿಂತೆ ಮಾಡಿದ್ದೆಲ್ಲ ಬೇರೆಯವರು ಮಾಡಬಹುದಾದ ತಪ್ಪುಗಳ ಬಗ್ಗೆ. ಇದು ಮಾತ್ರ ನನ್ನದೇ ಸ್ವಂತ ತಪ್ಪು.

ಸುದ್ದಿ ಧನಿಗಳಿಗೆ ನನಗಿಂತ ಮೊದಲೇ ಮುಟ್ಟಿತ್ತು. ಅವರು ಬಂಟ್ವಾಳದ ತಮ್ಮ ವಕೀಲರಲ್ಲಿ ಆ ಶಬ್ದದ ಅರ್ಥವನ್ನೂ ಕೇಳಿ ಬಂದಿದ್ದರು. ನಾನು ಅವರ ಮನೆಗೆ ಹೋದಾಗ ಚಾವಡಿಯಲ್ಲಿ ಕೂತಿದ್ದರು. ಎಂದಿನ ಹಾಗೆ ಬೆಲ್ಲ ನೀರು ಬರಲಿಲ್ಲ.

"ನಾನು ಕಟ್ಟಡವನ್ನು ಹಾಳು ಮಾಡಿದ್ದೇನೆ ಅಂತ ಸರಕಾರಕ್ಕೆ ಬರೆದಿರಂತೆ, ಮಾಸ್ಟ್ರೇ?"

"ಇಲ್ಲ ಧನಿಗಳೇ, ನೀವು ಅಂತ ಬರೆಯಲಿಲ್ಲ. ಕಟ್ಟಡ ಅಂತ ಮಾತ್ರ."

"ಕಟ್ಟಡ ತನ್ನಿಂದ ತಾನೇ ಹಾಳಾಗ್ತದಾ? ವಕೀಲರು ಹೇಳಿದರು, ಆ ಶಬ್ದಕ್ಕೆ ವಾರಸುದಾರ ಇರಬೇಕಂತೆ. ಯಾರೋ ನೋಡಿಕೊಳ್ಳದೆ ಬಿಟ್ಟ ಮೇಲೆಯೇ ಅದು ಹಾಗಾಗುವುದಂತೆ." ಎಲೆ ಅಡಕೆಯ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. "ನನ್ನ ಅಜ್ಜ ಇಟ್ಟ ಕಲ್ಲು. ಅದರಲ್ಲಿ ಒಂದು ಅಲುಗಿದ್ದು ತೋರಿಸಿ, ನಾನು ಒಪ್ಪುತ್ತೇನೆ."

ವಕೀಲರ ಮಾತು ನನ್ನನ್ನು ಕೊರೆಯಲು ಸುರುಮಾಡಿತು. ಶಬ್ದಕ್ಕೆ ವಾರಸುದಾರನೇ? ನನ್ನಲ್ಲಿದ್ದ ಸಣ್ಣ ಡಿಕ್ಷನರಿಯಲ್ಲಿ ಎರಡೇ ಪದದ ಅರ್ಥ ಇತ್ತು. ಇನ್ನೂ ಆಳಕ್ಕೆ ಹೋದರೆ ಎಲ್ಲಾದರೂ ಒಂದು ಕಿಂಡಿ ಸಿಕ್ಕೀತು, ನಾನು ಬರೆದದ್ದಕ್ಕೆ ನಾನು ಬರೆಯದ ಅರ್ಥವೊಂದು ಇದ್ದೀತು ಎಂದು ಆಸೆ. ಮೂಡುಬಿದಿರೆಯ ಹತ್ತಿರದ ಒಂದು ಇಗರ್ಜಿಯಲ್ಲಿ ವಯಸ್ಸಾದ ಪಾದ್ರಿಗಳಿದ್ದರು. ಶನಿವಾರದ ಬಸ್ಸಿನಲ್ಲಿ ನನ್ನ ಪೇಪರಿನ ಒಳಹಾಳೆಯನ್ನು ಕೇಳಿ ಪಡೆದು, ಇಳಿಯುವಾಗ ಸರಿಯಾಗಿ ಮಡಿಚಿ ಕೊಡುತ್ತಿದ್ದವರು. ಲ್ಯಾಟಿನ್ ಓದಿದವರು. ಇಂಗ್ಲಿಷಿನ ಉದ್ದ ಶಬ್ದಗಳೆಲ್ಲ ಅಲ್ಲಿಂದಲೇ ಇಳಿದು ಬಂದದ್ದು ಎಂದು ಅವರೇ ಒಮ್ಮೆ ಹೇಳಿದ್ದರು. ಒಂದು ಆದಿತ್ಯವಾರ, ಪೂಜೆ ಮುಗಿದು ಜನ ಚದುರಿದ ಮೇಲೆ ಹೋದೆ.

ಅವರು ನನ್ನ ಕಥೆಯನ್ನು ಪೂರ್ತಿ ಕೇಳಿದರು. ಕೊಂಕಣಿಯವರ ಆ ನಿಧಾನದ, ಪುಸ್ತಕದ ಹಾಗಿನ ಕನ್ನಡದಲ್ಲಿ ಕೇಳಿದರು, "ಮಾಸ್ಟ್ರೇ, ನೀವು ಯಾರ ಮೇಲೆ ಕಲ್ಲು ಬಿಸಾಡಿದ್ದು ಅಂತ ನಿಮಗೆ ಗೊತ್ತುಂಟಾ?"

"ಕಲ್ಲು? ನಾನಾ ಫಾದರ್?"

"ಆ ಶಬ್ದದೊಳಗೆ ಕಲ್ಲು ಉಂಟು. ಲಾಪಿಸ್ ಅಂದರೆ ಲ್ಯಾಟಿನಿನಲ್ಲಿ ಕಲ್ಲು. ಲಾಪಿದಾರೆ, ಕಲ್ಲೆಸೆಯುವುದು. ದಿಲಾಪಿದಾರೆ ಅಂದರೆ ಕಲ್ಲನ್ನು ಅತ್ತ ಇತ್ತ ಚೆಲ್ಲಿದ ಹಾಗೆ ಚೆಲ್ಲಿಬಿಡುವುದು. ಆದರೆ ರೋಮಿನವರು ಅದನ್ನು ಕಟ್ಟಡಕ್ಕೆ ಹೇಳುತ್ತಿದ್ದದ್ದಲ್ಲ. ಅಪ್ಪ ಮಾಡಿಟ್ಟ ಆಸ್ತಿಯನ್ನು ಮಗ ಹಾರಿಸಿದರೆ ಆಗ ಹೇಳುವ ಮಾತು."

"ಹಾಗಾದರೆ ವಕೀಲರು ಹೇಳಿದ್ದು..."

"ಸರಿಯೇ. ನಮ್ಮ ಇಗರ್ಜಿಯ ಕಾನೂನಿನಲ್ಲಿಯೂ ಅದು ಹಳೆಯ ಅಪರಾಧ. ಇಗರ್ಜಿಯ ಸೊತ್ತನ್ನು ನೋಡಿಕೊಳ್ಳಬೇಕಾದ ಪಾದ್ರಿ ಅದನ್ನು ಹಾಳು ಬಿಟ್ಟರೆ ಅವನ ಮೇಲೆ ಹೊರಿಸುತ್ತಿದ್ದದ್ದು ಇದೇ ಶಬ್ದವನ್ನು. ಕಟ್ಟಡದ ಮೇಲಲ್ಲ, ಮನುಷ್ಯನ ಮೇಲೆ." ನಕ್ಕರು. "ಹಾಗಾಗಿ ನಾನು ಆ ಶಬ್ದವನ್ನು ಸ್ವಲ್ಪ ಹೆದರಿಕೆಯಿಂದಲೇ ಉಪಯೋಗಿಸುವುದು. ನಮ್ಮ ಗಂಟೆಗೋಪುರ ನೋಡಿದಿರಲ್ಲ?"

ಬೇರೆ ಯಾವ ಶಬ್ದ ಬರೆಯಬಹುದಿತ್ತು ಎಂದು ಕೇಳಿದೆ. ಡಿಕೇ, ಅಂದರೆ ಕೊಳೆಯುವುದು, ಮೆತ್ತಗೆ ಕೇಳುತ್ತದಲ್ಲ?

"ಮೆತ್ತಗೆಯಾ? ಅದರ ಮೂಲ ಕಾದೆರೆ. ಬೀಳುವುದು. ಕೆಳಗೆ ಬೀಳುವುದು ಅಂತಲೇ ಅರ್ಥ. ಕಿವಿಗೆ ಮೆತ್ತಗೆ, ತಲೆಯ ಮೇಲೆ ಗಟ್ಟಿ." ಮತ್ತೆ ಕೇಳಿದರು, "ಅದಿರಲಿ. ನಿಮ್ಮ ಶಾಲೆಯ ಕಲ್ಲು ಹೇಗುಂಟು?"

"ಒಂದೂ ಅಲುಗಲಿಲ್ಲ ಫಾದರ್."

"ಹಾಗಾದರೆ ಆ ಶಬ್ದ ಅಲ್ಲಿ ನಿಲ್ಲುವುದಿಲ್ಲ. ಕಲ್ಲು ಚದುರದೆ ಅದೆಂಥ ಡಿಲಾಪಿಡೇಶನ್?"

ಹಿಂದೆ ಬರುವಾಗ ಬಸ್ಸಿನ ಬ್ರೇಕಿನ ನೆನಪೇ ಆಗಲಿಲ್ಲ. ಕಲ್ಲು ಚದುರಲಿಲ್ಲ, ಆದ ಕಾರಣ ಶಬ್ದ ತಪ್ಪು, ಆದ ಕಾರಣ ಶಾಲೆ ಇರಬೇಕು. ಇದನ್ನು ಓವರ್ಸಿಯರರ ಮುಂದೆ ಹೇಗೆ ಹೇಳುವುದೆಂದು ನಾಲ್ಕು ಪುಟ ಬರೆದೆ. ಲ್ಯಾಟಿನನ್ನು ಕನ್ನಡ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ. ರಜೆ ಸುರುವಾಗಿದ್ದರೂ ದಿನಾ ಶಾಲೆಗೆ ಹೋಗಿ ಗೋಡೆಯ ಸುತ್ತ ನಡೆದು, ಕಲ್ಲುಗಳ ಸಂದಿಗೆ ಉಗುರು ಹಾಕಿ ನೋಡುತ್ತಿದ್ದೆ. ಉಗುರು ಹೋಗುತ್ತಿರಲಿಲ್ಲ. ಪ್ರತಿಸಲವೂ ಸಂತೋಷ.

ಹಾಗೆ ಉಗುರು ಹಾಕುತ್ತಿದ್ದಾಗಲೇ ಒಬ್ಬ ಹೆಂಗಸು ಬಂದಳು. ಶಾಲೆಯ ಹಿಂದಿನ ಗುಡ್ಡದ ಮನೆಯವಳು. ಅವಳ ಇಬ್ಬರು ಹುಡುಗಿಯರು ನನ್ನಲ್ಲಿ ಓದುತ್ತಿದ್ದರು, ದೊಡ್ಡವಳು ನಾಲ್ಕನೆಯದರಲ್ಲಿ, ಚಿಕ್ಕವಳು ಒಂದನೆಯದರಲ್ಲಿ. ಆ ದೊಡ್ಡವಳು ಗುಡ್ಡದ ಮೇಲಿನ ಮನೆಗಳಿಗೆಲ್ಲ ಕಾಗದ ಓದುವವಳು. ಬೊಂಬಾಯಿಯ ಹೋಟೆಲುಗಳಲ್ಲಿದ್ದ ಗಂಡಸರು ಬರೆದದ್ದನ್ನು ಓದಿ, ಉತ್ತರವನ್ನೂ ಬರೆದುಕೊಡುತ್ತಿದ್ದಳು. ಅವಳ ವಯಸ್ಸು ಹತ್ತು. ತಾಯಿ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಸ್ಟ್ರೇ, ಮಕ್ಕಳ ಹೆಸರು ತೆಗೆದುಬಿಡಿ."

"ಯಾಕೆ? ಇನ್ನೂ ಎಂಥದೂ ಆಗಲಿಲ್ಲ. ಓವರ್ಸಿಯರ್ ಬರಲಿಕ್ಕುಂಟು."

"ಹೊಳೆಯಾಚೆ ನಾನು ಕಳಿಸುವುದಿಲ್ಲ. ಇಲ್ಲಿಗೂ ಕಳಿಸುವುದಿಲ್ಲ, ಬೀಳುತ್ತದೆ ಅಂತ ನೀವೇ ಬರೆದಿರಂತೆ."

"ಅದು ಬರೀ ಶಬ್ದ. ಬೀಳುವುದಿಲ್ಲ."

"ಬೀಳುವುದಿಲ್ಲದಿದ್ದರೆ ಯಾಕೆ ಬರೆದದ್ದು?"

ನನ್ನ ನಾಲ್ಕು ಪುಟಗಳನ್ನು ಮಡಿಚಿ ಕಿಸೆಗೆ ಹಾಕಿದೆ. ಜೂನಿನವರೆಗೆ ಕಾಯಿರಿ ಎಂದೆ. ಕಾಯುವುದಕ್ಕಾಗುವುದಿಲ್ಲ, ಬೀಡಿಯ ಬ್ರ್ಯಾಂಚಿನವರು ಮನೆಯಲ್ಲಿ ಕಟ್ಟಲಿಕ್ಕೆ ಹೊಸದಾಗಿ ಎಲೆ ಕೊಡುತ್ತಿದ್ದಾರೆ, ಹುಡುಗಿಯರು ಈಗಲೇ ಕಲಿಯಲಿಕ್ಕೆ ಕೂತರೆ ಕೈ ಕೂರುತ್ತದೆ ಎಂದಳು. ನಾನು ಹೆಸರು ಹೊಡೆದುಹಾಕಲಿಲ್ಲ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರಿನ ಎದುರೂ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕಿ ಇಟ್ಟೆ. ಹೆದರುವವರ ಬುದ್ಧಿಯೇ ಅಷ್ಟು, ಮಸಿ ಇದ್ದರೂ ಪೆನ್ಸಿಲು.

ಮೇ ತಿಂಗಳಲ್ಲಿ ಬೆಳ್ತಂಗಡಿಯಿಂದ ಓವರ್ಸಿಯರರು ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಧನಿಗಳು ಬರಲಿಲ್ಲ, ತಮ್ಮ ಆಚಾರಿಯನ್ನು ಕಳಿಸಿದ್ದರು. ಅವರ ಮನೆಯ ಮರಗೆಲಸವನ್ನೆಲ್ಲ ಮಾಡುವ ಮುದುಕ, ಹೆಗಲಲ್ಲಿ ಉಳಿ ಸುತ್ತಿಗೆಯ ಚೀಲ. ನಾನು ಪುಟಗಳನ್ನು ತೆಗೆದು, ಲಾಪಿಸ್ ಎಂದರೆ ಕಲ್ಲು ಎಂಬಲ್ಲಿಂದ ಸುರುಮಾಡಿದೆ. ರೋಮಿನವರೆಗೆ ಬರುವಷ್ಟರಲ್ಲಿ ಓವರ್ಸಿಯರರು ಕೈಯೆತ್ತಿದರು.

"ಏನ್ರೀ ಇದು ಮೇಷ್ಟ್ರೇ? ನಾನು ಪರೀಕ್ಷೆ ಪಾಸ್ ಮಾಡಿ ಮೂರು ವರ್ಷ ಆಯ್ತು. ಕಲ್ಲು ಚೆನ್ನಾಗಿದೆ, ಕಾಣ್ತಾ ಇದೆ. ಮೇಲೆ ಹತ್ತಿ ನೋಡಿದೀರಾ?"

"ಮೇಲೆ... ಇಲ್ಲ."

"ಮತ್ತೆ ಯಾವುದನ್ನ ನೋಡಿ ಬರೆದ್ರಿ?"

ನಾನು ಕೂತು ಬರೆದ ಕುರ್ಚಿಯ ಕಡೆ ನೋಡಿದೆ. ಬೇರೆ ನೋಡುವಂಥದು ಇರಲಿಲ್ಲ.

ಆಚಾರಿ ಅಷ್ಟರಲ್ಲಿ ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿದ್ದ. ಸುತ್ತಿಗೆಯ ಹಿಡಿಯಿಂದ ಮರಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದ. ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಒಂದನೇ ತರಗತಿಯ ಮಕ್ಕಳು ಕೂರುವ ಜಾಗದ ಮೇಲೆ ಬದಲಾಯಿತು. ಒದ್ದೆ ಚೀಲಕ್ಕೆ ಹೊಡೆದ ಹಾಗೆ. ಅಡ್ಡತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ಉಳಿ ಇಟ್ಟು ಕೈಯಿಂದ ಒತ್ತಿದ, ಸುತ್ತಿಗೆ ಬೇಕಾಗಲಿಲ್ಲ. ಉಳಿ ಹಿಡಿಯವರೆಗೆ ಒಳಗೆ ಹೋಯಿತು.

"ಕುಂಬು," ಎಂದ.

ಓವರ್ಸಿಯರರು ನನ್ನ ಮುಖ ನೋಡಿದರು. ಮರ ಹೊರಗಿಂದ ಮರದ ಹಾಗೆಯೇ ಇದ್ದು ಒಳಗೆ ಸತ್ತಿರುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ ಎಂದೆ.

"ಲಡ್ಡು ಹಿಡಿದಿದೆ ಅನ್ನಿ."

ಆಚಾರಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಆ ಶಬ್ದ ಕೇಳಿತು. ಅವನು ತುಳುವಿನಲ್ಲಿ ಹೇಳಿದ್ದನ್ನು ನಾನು ಓವರ್ಸಿಯರರಿಗೆ ಕನ್ನಡದಲ್ಲಿ ಹೇಳಿದೆ. ಮೇಲಿನಿಂದಲೇ, "ಲಡ್ಡು ಬೇರೆ, ಕುಂಬು ಬೇರೆ, ಸ್ವಾಮಿ. ಲಡ್ಡು ಅಂದರೆ ಮುಟ್ಟಿದರೆ ಪುಡಿ ಉದುರಬೇಕು, ಅದನ್ನು ಒಲೆಗೆ ಹಾಕುವುದು. ಕುಂಬು ಹಿಡಿದದ್ದನ್ನು ಎಲ್ಲಿಯವರೆಗೆ ಹಿಡಿದಿದೆಯೋ ಅಲ್ಲಿಗೆ ಕೊಯ್ದರೆ ಉಳಿದದ್ದು ಮರವೇ," ಎಂದ. ಉಳಿಯನ್ನು ಒಂದು ಗೇಣು ಈಚೆಗೆ ಇಟ್ಟು ಹೊಡೆದ. ಟಣ್. "ಇಲ್ಲಿಂದ ಮರ."

"ಇನ್ನೊಂದು ಲಡ್ಡು ತಿನ್ನೋದಕ್ಕೆ ಇದೆ, ಅದೂ ಮುಟ್ಟಿದ್ರೆ ಪುಡಿಯಾಗುತ್ತೆ," ಎಂದು ಓವರ್ಸಿಯರರು ನಕ್ಕರು. ಆಚಾರಿ ನಗಲಿಲ್ಲ. ಇನ್ನೂ ಎರಡು ತೊಲೆಗಳ ತುದಿ ಹಾಗೆಯೇ ಇರುವುದನ್ನು ತೋರಿಸಿದ ಮೇಲೆ ಓವರ್ಸಿಯರರ ನಗುವೂ ನಿಂತಿತು.

"ಈಗ ಹೇಳಿ ಮೇಷ್ಟ್ರೇ. ಈ ಮಳೆಗಾಲ ಮಕ್ಕಳನ್ನ ಇದರ ಕೆಳಗೆ ಕೂರಿಸ್ತೀರಾ?"

ನಾನು ಅಲ್ಲೇ ಕೂತೆ. ಕೂತದ್ದೂ ಆ ತೊಲೆಯ ಕೆಳಗೇ. ಹೋದ ಮಳೆಗಾಲವಿಡೀ ನಾನು ಮಕ್ಕಳನ್ನು ಸೋರುವ ಕಡೆಯಿಂದ ಎಬ್ಬಿಸಿ ಈ ಮೂಲೆಗೆ ಒತ್ತೊತ್ತಾಗಿ ಕೂರಿಸಿದ್ದೆ, ಇಲ್ಲಿ ಒಣಗಿರುತ್ತದೆ ಎಂದು. ನನ್ನಂಥ ಹೆದರುಪುಕ್ಕಲ, ಆಕಾಶ ಕಳಚಿ ಬಿದ್ದೀತೆಂದು ಚಿಂತೆ ಮಾಡುವವನು, ತಲೆಯ ಮೇಲಿನ ಮರವನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ. ಬರೆದ ಶಬ್ದ ಸುಳ್ಳೆಂದು ಸಾಧಿಸಲು ಒಂದು ತಿಂಗಳು ತಿರುಗಿದೆ. ಈಗ ನೋಡಿದರೆ ಅದು ಅರ್ಧ ನಿಜ. ನನಗೆ ಗೊತ್ತಿಲ್ಲದೆ ನಿಜ ಬರೆದಿದ್ದೆ. ಗೋಡೆಯ ಮಟ್ಟಿಗೆ ಸುಳ್ಳು, ತೊಲೆಯ ಮಟ್ಟಿಗೆ ನಿಜ, ಧನಿಗಳ ಮಟ್ಟಿಗೆ... ಮೂರು ವರ್ಷದಿಂದ ಅದರ ಕೆಳಗೆ ಕೂತವನು ನಾನು, ಅವರಲ್ಲ. ಪಾದ್ರಿಗಳ ಲೆಕ್ಕದಲ್ಲಿ ಆ ಶಬ್ದ ಯಾರ ಮೇಲೆ ಬೀಳಬೇಕೆಂದು ಆಗ ಹೊಳೆಯಿತು.

"ಕೂರಿಸುವುದಿಲ್ಲ," ಎಂದೆ. "ಆದರೆ ಹೊಳೆಯಾಚೆ ಕಳಿಸಿದರೆ ಅರ್ಧ ಮಕ್ಕಳು ಬರುವುದೇ ಇಲ್ಲ."

"ಅದನ್ನ ಫಾರಮಿನಲ್ಲಿ ಬರೆದಿದ್ರಾ?"

"ಅದಕ್ಕೆ ಜಾಗ ಇರಲಿಲ್ಲ."

ಅವರು ಸ್ವಲ್ಪ ಹೊತ್ತು ಆಚಾರಿ ಕೆಡವಿದ ಚೂರುಗಳನ್ನು ಬೂಟಿನ ತುದಿಯಿಂದ ಸರಿಸುತ್ತಿದ್ದರು. ಆಮೇಲೆ ಚೀಲದಿಂದ ಖಾಲಿ ಹಾಳೆಯೊಂದನ್ನು ತೆಗೆದು ಕೊಟ್ಟರು. "ಶಬ್ದ ಗಿಬ್ದ ಬೇಡ ಕಣ್ರೀ. ಏನಿದೆಯೋ ಅದನ್ನ ಬರೀರಿ. ಎಷ್ಟು ಮರ, ಎಲ್ಲಿ, ಎಷ್ಟುದ್ದ. ಜೂನ್ ಒಂದರೊಳಗೆ ಸರಿಯಾದ್ರೆ ಸರಿ ಅಂತ ನಾನೂ ಬರೀತೀನಿ. ಆಗ್ಲಿಲ್ವೋ, ನನ್ನ ಕೈಲಿ ಏನೂ ಇಲ್ಲ."

ಕನ್ನಡದಲ್ಲಿಯೇ ಬರೆದೆ. ಗೋಡೆ ಗಟ್ಟಿ ಇದೆ. ಮೂರು ತೊಲೆಗಳ ಒಂದೊಂದು ತುದಿ ಒಂದು ಗೇಣಿನಷ್ಟು ಕೊಳೆತಿದೆ. ಇದನ್ನು ನಾನು ಇಂದಿನವರೆಗೆ ನೋಡಿರಲಿಲ್ಲ. ಕೊನೆಯ ವಾಕ್ಯ ಬೇಕಾ ಎಂದು ಓವರ್ಸಿಯರರು ಕೇಳಿದರು. ಇರಲಿ ಎಂದೆ. ಆ ಇಡೀ ವ್ಯವಹಾರದಲ್ಲಿ ನಾನು ತೋರಿಸಿದ ಧೈರ್ಯ ಅದೊಂದೇ. ಅದರಲ್ಲೂ ಅಕ್ಷರ ಸೊಟ್ಟಗಾಗಿತ್ತು.

ಸಂಜೆ ಆಚಾರಿಯ ಜೊತೆಯಲ್ಲೇ ಧನಿಗಳಲ್ಲಿಗೆ ಹೋದೆ. ಆಚಾರಿ ತೊಲೆಯ ಒಂದು ಹಿಡಿ ಚೂರನ್ನು ಚಾವಡಿಯ ಮೇಲಿಟ್ಟ. ಧನಿಗಳು ಒಂದನ್ನು ಎತ್ತಿ ಬೆರಳಲ್ಲಿ ಹಿಸುಕಿದರು.

"ತಪ್ಪಾಯಿತು ಧನಿಗಳೇ. ನೋಡದೆ ಬರೆದದ್ದು."

"ನಾನೂ ನೋಡದೆಯೇ ಕಲ್ಲು ತೋರಿಸಿ ಅಂದದ್ದು," ಎಂದರು. "ಕಲ್ಲು ಅಜ್ಜನದ್ದು, ಅದರ ಗರ್ವ ನನಗೆ. ಮರದ ನೆನಪೇ ಇರಲಿಲ್ಲ." ಆಚಾರಿಯ ಕಡೆ ತಿರುಗಿದರು. "ಕೊಟ್ಟಿಗೆಯ ಹಿಂದೆ ಹೆಬ್ಬಲಸಿನ ಕೊಯ್ದ ಮರ ಉಂಟಲ್ಲ? ಮಗಳ ಮದುವೆಯ ಚಪ್ಪರಕ್ಕೆ ಅಂತ ಇಟ್ಟದ್ದು. ನಾಳೆಯೇ ತೆಗೆ." ಮತ್ತೆ ನನ್ನ ಕಡೆ, "ಮಾಸ್ಟ್ರೇ, ಇನ್ನು ಸರಕಾರಕ್ಕೆ ಕಾಗದ ಬರೆಯುವ ಮೊದಲು ಇಲ್ಲಿಗೆ ಬನ್ನಿ. ಶಬ್ದ ನಾನು ಆರಿಸಿ ಕೊಡುತ್ತೇನೆ." ಬೆಲ್ಲ ನೀರು ಬಂತು.

ಹದಿನೆಂಟು ದಿನಗಳಲ್ಲಿ ಹಂಚು ಇಳಿಸಿ, ತೊಲೆಗಳ ಕೆಟ್ಟ ತುದಿ ಕೊಯ್ದು, ಹೊಸ ಮರ ಜೋಡಿಸಿ, ಮತ್ತೆ ಹಂಚು ಏರಿಸಿ ಆಯಿತು. ಊರಿನವರು ಸರದಿಯಲ್ಲಿ ಬಂದರು. ನಾನೂ ಹಂಚು ದಾಟಿಸಿದೆ, ಎರಡು ಒಡೆದೆ. ಕೊನೆಯ ಸಾಲು ಕೂರಿಸಿದ ಮರುದಿನವೇ ಮಳೆ ಹಿಡಿಯಿತು. ಸೇರಿಸುವ ಹುಕುಂ ರದ್ದಾದ ಕಾಗದ ಜುಲೈಯಲ್ಲಿ ಬಂತು. ಅಷ್ಟರಲ್ಲಿ ನಾವು ಒಂದು ತಿಂಗಳು ಪಾಠ ಮಾಡಿಯಾಗಿತ್ತು.

ಜೂನಿನಲ್ಲಿ ಶಾಲೆ ಸುರುವಾದಾಗ ಹದಿನೇಳು ಹುಡುಗಿಯರಲ್ಲಿ ಹದಿನೈದು ಮಂದಿ ಬಂದರು. ಎರಡು ಹೆಸರಿನ ಎದುರು ನನ್ನ ಪೆನ್ಸಿಲಿನ ಚುಕ್ಕಿ ಹಾಗೆಯೇ ಇತ್ತು. ಒಂದು ವಾರ ನೋಡಿ ಗುಡ್ಡ ಹತ್ತಿದೆ. ಜಗಲಿಯಲ್ಲಿ ತಾಯಿ ಮತ್ತು ದೊಡ್ಡವಳು ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಚಿಕ್ಕವಳು ನೂಲಿನ ಉಂಡೆ ಹಿಡಿದಿದ್ದಳು.

"ಕಟ್ಟಡ ಸರಿಯಾಗಿದೆ," ಎಂದೆ. "ಈಗ ಹೆದರಿಕೆ ಇಲ್ಲ."

ತಾಯಿ ಕೈ ನಿಲ್ಲಿಸಲಿಲ್ಲ. "ಬೀಳುತ್ತದೆ ಅಂದದ್ದೂ ನೀವೇ, ಬೀಳುವುದಿಲ್ಲ ಅನ್ನುವುದೂ ನೀವೇ."

"ಆಗ ನಾನು ನೋಡಿರಲಿಲ್ಲ. ಈಗ ನೋಡಿದ್ದೇನೆ."

ಅವಳು ಕಟ್ಟಿದ ಬೀಡಿಯನ್ನು ಮೊರಕ್ಕೆ ಹಾಕಿ ಇನ್ನೊಂದು ಎಲೆ ತೆಗೆದಳು. ಕೊನೆಗೆ ಚಿಕ್ಕವಳು ಹೋಗಲಿ ಎಂದಳು, ಅವಳ ಕೈ ಇನ್ನೂ ಕೂರಲಿಲ್ಲ. ದೊಡ್ಡವಳ ವಿಷಯ ನಾನು ಎತ್ತಿದೆ. ಕೈ ಮುಗಿದ ಹಾಗೆಯೇ ಕೇಳಿದೆ. ಅವಳು ಓದುವಷ್ಟು ಓದಿದ್ದಾಳಲ್ಲ, ಕಾಗದ ಓದಲಿಕ್ಕೆ ಬರುತ್ತದಲ್ಲ ಎಂದು ತಾಯಿ ಹೇಳಿದಳು. ಮೊರದಿಂದ ತಲೆಯೆತ್ತದೆ ಹುಡುಗಿ ಒಂದು ಬೀಡಿಯ ತುದಿ ಮಡಿಚಿದಳು. ಮಡಿಚಿದ್ದು ಚೊಕ್ಕವಾಗಿತ್ತು.

ಮರುದಿನ ತಂಗಿಯ ಕೈ ಹಿಡಿದು ಶಾಲೆಯವರೆಗೆ ತಂದು ಬಿಟ್ಟವಳು ಅವಳೇ. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, ಮಳೆಗೆ ಹೊದ್ದಿದ್ದ ಓಲೆಯ ಗೊರಬೆಯನ್ನು ಹಿಂದಕ್ಕೆ ಸರಿಸಿ ಮೇಲೆ ನೋಡಿದಳು.

"ಯಾವುದು ಹೊಸ ಮರ, ಮಾಸ್ಟ್ರೇ?"

ನಾನು ಬೆತ್ತ ಎತ್ತಿ ಮೂರು ಜೋಡಣೆಗಳನ್ನು ತೋರಿಸಿದೆ. ಒಂದೊಂದನ್ನೂ ನಿಧಾನವಾಗಿ ನೋಡಿ, ತಂಗಿಯನ್ನು ಅವುಗಳಲ್ಲಿ ಯಾವುದರ ಕೆಳಗೂ ಅಲ್ಲದ ಜಾಗಕ್ಕೆ ಕಳಿಸಿ ಕೂರಿಸಿದಳು. ಆಮೇಲೆ ಮಳೆಯಲ್ಲಿ ಗುಡ್ಡದ ಕಡೆ ಹೊರಟಳು. ನಾನು ಆ ಮಗುವನ್ನು ಕೂತಲ್ಲಿಂದ ಎಬ್ಬಿಸಲಿಲ್ಲ. ಆ ವರ್ಷವಿಡೀ ಅವಳು ಅಲ್ಲಿಯೇ ಕೂತಳು.